ಸಭೆಗೆ ಸೇರದೆ ಕ್ರೈಸ್ತರಾಗಿ ಇರಬಹುದಾ? ಏಳು ವರ್ಷದಿಂದ ಡ್ರಾಯರಿನಲ್ಲಿರುವ ಒಂದು ಪತ್ರ

ಬಲ್ಮಠದ ಮಗಳು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯುವುದು ಇದೇ ಮೊದಲು.

ನಾನು ಮಂಗಳೂರಿನವಳು. ದೀಕ್ಷಾಸ್ನಾನ, ಸಂಡೇ ಸ್ಕೂಲು, ದೃಢೀಕರಣ, ಮೊದಲ ಸಲ ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು), ಎಲ್ಲ ಒಂದೇ ಸಭೆಯಲ್ಲಿ, ಅಂದರೆ ಒಂದೇ ಚರ್ಚಿನಲ್ಲಿ, ಆಯಿತು. ಏಳು ವರ್ಷದ ಹಿಂದೆ ಕೆಲಸಕ್ಕೆ ಬೆಂಗಳೂರಿಗೆ ಬಂದೆ. ಹೊರಡುವ ಮೊದಲು ಸಭಾಪಾಲಕರು ಸದಸ್ಯತ್ವ ವರ್ಗಾವಣೆಯ ಪತ್ರ ಬರೆದುಕೊಟ್ಟರು. ಹೋದ ಕೂಡಲೇ ಅಲ್ಲಿಯ ಸಭೆಗೆ ಕೊಡಬೇಕು ಅಂದಿದ್ದರು. ಆ ಪತ್ರ ಇವತ್ತಿಗೂ ನನ್ನ ಡ್ರಾಯರಿನಲ್ಲಿ ಪಾಸ್‌ಪೋರ್ಟಿನ ಕೆಳಗೆ ಇದೆ.

ದೇವರನ್ನು ಬಿಟ್ಟಿಲ್ಲ. ದಿನಾ ಬೈಬಲ್ ಓದುತ್ತೇನೆ. ಭಾನುವಾರ ಬೆಳಗ್ಗೆ ಯೂಟ್ಯೂಬಿನಲ್ಲಿ ಆರಾಧನೆ ನೋಡುತ್ತೇನೆ. ಕ್ರಿಸ್ಮಸ್‌ಗೆ ಊರಿಗೆ ಹೋದಾಗ ನಮ್ಮ ಸಭೆಗೆ ಹೋಗುತ್ತೇನೆ. ಸಾಕು ಅಂದುಕೊಂಡಿದ್ದೆ.

ಮೂರು ತಿಂಗಳ ಹಿಂದೆ ಡೆಂಗ್ಯೂ ಬಂತು. ಹನ್ನೊಂದು ದಿನ ರೂಮಿನಲ್ಲಿ ಮಲಗಿದ್ದೆ. ಆಫೀಸಿನವರು ಮೆಸೇಜ್ ಮಾಡಿದರು, ಊಟ ಆ್ಯಪಿನಲ್ಲಿ ಬಂತು. ಆರನೇ ದಿನವೋ ಏಳನೇ ದಿನವೋ ಭಾನುವಾರ. ಫೋನಿನಲ್ಲಿ ಆರಾಧನೆ ನಡೆಯುತ್ತಿತ್ತು. ಆ ಕಡೆ ಸಾವಿರ ಜನ ಇದ್ದರು. ಅವರಲ್ಲಿ ಒಬ್ಬರಿಗೂ ನಾನು ಮಲಗಿದ್ದೇನೆ ಅಂತ ಗೊತ್ತಿರಲಿಲ್ಲ. ಊರಿನಲ್ಲಾದರೆ ಎರಡನೇ ದಿನಕ್ಕೇ ಸ್ತ್ರೀ ಸಮಾಜದವರು ಯಾರಾದರೂ ಗಂಜಿ ತಂದು ಬಾಗಿಲು ತಟ್ಟುತ್ತಿದ್ದರು. ತಪ್ಪು ಯಾರದ್ದೂ ಅಲ್ಲ. ನಾನು ಎಲ್ಲೂ ಹೆಸರು ಕೊಟ್ಟಿರಲಿಲ್ಲ.

ಕೇಳಬೇಕು ಅನ್ನಿಸಿದ್ದು ಇಷ್ಟೇ. ಕ್ರೈಸ್ತಳಾಗಿರಲು ಸಭೆಗೆ ಸೇರಲೇಬೇಕಾ? ಅಥವಾ ನನಗೆ ಊರಿನ ನೆನಪು ಕಾಡುತ್ತಿದೆ, ಅಷ್ಟೇನಾ?

ಕಿಟಕಿ ಪಕ್ಕ:

ಸೇರಬೇಕಾಗಿಲ್ಲ. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಸೇರಿದಲ್ಲಿ ತಾನಿದ್ದೇನೆ ಎಂದು ಯೇಸುವೇ ಹೇಳಿದ್ದಾನೆ. ದೇವರು ಕಟ್ಟಡದಲ್ಲಿ ಇಲ್ಲ, ರಿಜಿಸ್ಟರಿನಲ್ಲಿಯೂ ಇಲ್ಲ. ನಾನು ಆರು ವರ್ಷದಿಂದ ಫೋನಿನಲ್ಲೇ ಆರಾಧನೆ ಮಾಡುತ್ತಿದ್ದೇನೆ. ನನ್ನ ವಿಶ್ವಾಸ ಕಮ್ಮಿ ಆಗಿಲ್ಲ.

ನಿವೃತ್ತ ಮೇಷ್ಟ್ರು:

ತಂಗಿ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಸುಮ್ನೆ ಇರಲು ಆಗಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮಾತಿನಿಂದ ಶುರು ಮಾಡೋಣ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇರುವ ಮಾತು ಎಕ್ಲೇಸಿಯಾ. ಗ್ರೀಕ್ ಊರುಗಳಲ್ಲಿ ಪುರಜನರು ಒಂದು ಕಡೆ ಕೂಡಿ ನಿರ್ಣಯ ಮಾಡುತ್ತಿದ್ದರಲ್ಲ, ಆ ಕೂಟಕ್ಕೆ ಇದ್ದ ಹೆಸರು ಅದು. ನಮ್ಮ ಕನ್ನಡ ಬೈಬಲಿನವರು ಅದನ್ನು 'ಸಭೆ' ಅಂದರು. ಎಷ್ಟು ಸರಿಯಾದ ಮಾತು ನೋಡಿ. ಕಲ್ಲು, ಗಂಟೆ, ಗೋಪುರ ಯಾವುದೂ ಅದರಲ್ಲಿಲ್ಲ. ಕೂಡಿದ ಜನ ಮಾತ್ರ ಇದ್ದಾರೆ. ಕಟ್ಟಡದಲ್ಲಿ ದೇವರಿಲ್ಲ ಅಂತ 'ಕಿಟಕಿ ಪಕ್ಕ' ಅವರು ಹೇಳಿದ್ದು ಸರಿ. ಆದರೆ ಅವರೇ ಎತ್ತಿದ ವಚನದಲ್ಲಿಯೂ ಇಬ್ಬರು ಬೇಕು, ಒಬ್ಬರಿಗೆ ಆಗುವುದಿಲ್ಲ.

ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ನಾವು ಓದದೆ ದಾಟಿಬಿಡುತ್ತೇವೆ. ಬರೀ ಹೆಸರುಗಳು ಅಂತ. ಪೌಲ ಆಗ ಇನ್ನೂ ರೋಮಿಗೆ ಹೋಗಿರಲಿಲ್ಲ. ಆದರೂ ಇಪ್ಪತ್ತಕ್ಕೂ ಜಾಸ್ತಿ ಜನರನ್ನು ಹೆಸರು ಹಿಡಿದು ವಂದಿಸುತ್ತಾನೆ. ಇವರು ಕಷ್ಟಪಟ್ಟು ದುಡಿದವರು, ಇವರು ನನ್ನ ಜೊತೆ ಸೆರೆಯಲ್ಲಿದ್ದವರು, ಇವರ ಮನೆಯಲ್ಲಿ ಸಭೆ ಕೂಡುತ್ತದೆ, ಹೀಗೆ. ರೂಫನ ತಾಯಿಯನ್ನು ವಂದಿಸುವಾಗ ಆಕೆ ನನಗೂ ತಾಯಿ ಅನ್ನುತ್ತಾನೆ. ಆ ತಾಯಿ ಅವನಿಗೆ ಎಂದೋ ಗಂಜಿ ಕೊಟ್ಟಿರಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಇನ್ನು ನಮ್ಮ ಊರಿನ ವಿಷಯ. ಬಾಸೆಲ್ ಮಿಷನ್ನಿನವರು (ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಬಂದ ಪ್ರೊಟೆಸ್ಟೆಂಟ್ ಮಿಷನರಿಗಳು, ಹೆಚ್ಚಿನವರು ಜರ್ಮನ್ನರು) ಮಂಗಳೂರಿನಲ್ಲಿ ಕೆಲಸ ಆರಂಭಿಸಿದ್ದು 1834ರಲ್ಲಿ. ಮಿಷನ್ ಅಂದರೆ ಹಂಚಿನ ಕಾರ್ಖಾನೆ, ನೇಯ್ಗೆ, ಅಚ್ಚುಕೂಟ, ಕಿಟೆಲರ ನಿಘಂಟು ಅಂತ ಎಲ್ಲರೂ ಹೇಳುತ್ತಾರೆ. ಕಾರ್ಖಾನೆ ಯಾಕೆ ಬೇಕಾಯಿತು ಎಂದು ಕೇಳುವವರು ಕಡಿಮೆ. ದೀಕ್ಷಾಸ್ನಾನ ಆದವನನ್ನು ಮನೆಯವರು ಹೊರಗೆ ಹಾಕುತ್ತಿದ್ದರು. ಅಣ್ಣತಮ್ಮಂದಿರು ಇಲ್ಲ, ಉಳಲು ನೆಲ ಇಲ್ಲ, ಮಾಡುತ್ತಿದ್ದ ಕಸುಬು ಇಲ್ಲ. ಮದುವೆಗೆ ಹೆಣ್ಣಿಲ್ಲ, ಸತ್ತರೆ ಹೊರಲು ನಾಲ್ಕು ಹೆಗಲಿಲ್ಲ. ಅವರಿಗೆ ಹೊಟ್ಟೆಪಾಡು ಆಗಬೇಕಿತ್ತು. ಹಾಗಾಗಿ ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಹೆಗಲು ಕೊಡುವವರು ಬೇಕಿತ್ತು, ಸಭೆಯ ಜನರೇ ಅಣ್ಣತಮ್ಮಂದಿರಾದರು. ನಮ್ಮ ಮುತ್ತಜ್ಜಂದಿರಿಗೆ ಸಭೆ ಅಂದರೆ ಮನೆಯೇ ಆಗಿತ್ತು.

ಅದರಲ್ಲಿ ತೊಂದರೆಯೂ ಇತ್ತು. ಕೆಲಸ, ಮನೆ, ಸಭೆ ಮೂರೂ ಮಿಷನರಿಗಳ ಕೈಯಲ್ಲೇ ಇದ್ದಾಗ ಎದುರು ಮಾತಾಡುವುದು ಸುಲಭ ಅಲ್ಲ. ಆಮೇಲೆ 1914ರ ಯುದ್ಧ ಬಂತು. ಜರ್ಮನ್ ಮಿಷನರಿಗಳನ್ನು ಸೆರೆಯಲ್ಲಿಟ್ಟು ವಾಪಸ್ ಕಳುಹಿಸಿದರು. ಕಾರ್ಖಾನೆಗಳು ಬೇರೆಯವರ ಪಾಲಾದವು. ಅನ್ನ ಕೊಟ್ಟದ್ದಕ್ಕೆ ಸೇರಿದವರು ಇನ್ನು ಚದುರುತ್ತಾರೆ ಅಂತ ಅಂದುಕೊಂಡವರಿದ್ದರೆ ಅವರ ಲೆಕ್ಕ ತಪ್ಪಿತು. ಭಾನುವಾರ ಗಂಟೆ ಹೊಡೆಯಿತು, ಜನ ಬಂದರು. ನಿಮ್ಮ ಸಭೆ ಇವತ್ತು ಇರುವುದು ಆ ಭಾನುವಾರದಿಂದ. ನೀವು ಆ ಪತ್ರ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೀರಿ ಎಂದು ಓದಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಗದರುತ್ತಿಲ್ಲ ತಂಗಿ.

ಹೇಮಾವತಿ ದಂಡೆ:

ನಾವು ಕಥೋಲಿಕರು. ಮೇಷ್ಟ್ರು ಕಲ್ಲು, ಗಂಟೆ, ಗೋಪುರ ಅಂದ ಕೂಡಲೇ ನಮ್ಮ ತಾತ ನೆನಪಾದರು.

ಹಾಸನದ ಶೆಟ್ಟಿಹಳ್ಳಿ ಚರ್ಚಿನ ಫೋಟೋ ಎಲ್ಲರೂ ನೋಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಊರು ಹಿನ್ನೀರಿಗೆ ಹೋಯಿತು. ಮಳೆಗಾಲದಲ್ಲಿ ಚರ್ಚು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ಮದುವೆ ಫೋಟೋ ತೆಗೆಸಲು ಜನ ಬರುತ್ತಾರೆ. ನೋಡಲು ಚಂದವೇ.

ನಮ್ಮ ತಾತನ ಮನೆ ಆ ಕಡೆಯದು. ಊರು ಬಿಟ್ಟ ಮೇಲೆ ಅವರು ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ. ಚಿಕ್ಕವಳಿದ್ದಾಗ 'ನಿಮ್ಮ ಚರ್ಚು ಮುಳುಗಿತಲ್ಲಾ ತಾತ' ಅಂದೆ. 'ಚರ್ಚು ಮುಳುಗಲಿಲ್ಲ ಕಣೆ, ಲಾರಿ ಹತ್ತಿ ಬಂತು' ಅಂದರು. ಆಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ಹೇಳಿದ್ದು ಜನರನ್ನು. ಹೊಸ ಜಾಗದಲ್ಲಿ ಇನ್ನೂ ಮನೆಗಳಿಗೆ ಹೆಂಚು ಹೊದಿಸಿರಲಿಲ್ಲವಂತೆ, ಸಂಜೆ ಎಲ್ಲರೂ ಒಂದು ಮರದ ಕೆಳಗೆ ಕೂತು ಜಪಸರ ಹೇಳಿದರಂತೆ. ಯಾರು ಎಲ್ಲಿ ಕೂರುತ್ತಿದ್ದರೋ ಇಲ್ಲಿಯೂ ಹಾಗೇ ಕೂತರು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ.

ಆದರೆ ಅಜ್ಜಿ ಹಾಗೆ ಹೇಳುತ್ತಿರಲಿಲ್ಲ. ಅವರ ಎರಡು ಮಕ್ಕಳನ್ನು ಹಳೆ ಊರಿನಲ್ಲೇ ಮಣ್ಣು ಮಾಡಿದ್ದರು. ಮೃತರ ದಿನ ನವೆಂಬರ್ 2ಕ್ಕೆ ಎಲ್ಲರೂ ಹೊಸ ಸ್ಮಶಾನದಲ್ಲಿ ಮೇಣದಬತ್ತಿ ಹಚ್ಚುವಾಗ ಅಜ್ಜಿ ಹಿನ್ನೀರಿನ ಕಡೆ ತಿರುಗಿ ನಿಲ್ಲುತ್ತಿದ್ದರು. ಅವರ ಜೊತೆಗೆ ಆ ಊರಿನ ಮೂರು ನಾಲ್ಕು ಹೆಂಗಸರೂ ತಿರುಗಿ ನಿಲ್ಲುತ್ತಿದ್ದರು. ಯಾರೂ ಏನೂ ಹೇಳುತ್ತಿರಲಿಲ್ಲ. ಅಜ್ಜಿಯ ಮಕ್ಕಳ ಹೆಸರು ಆ ಹೆಂಗಸರಿಗೆ ಗೊತ್ತಿತ್ತು. ನನಗೆ ಸಭೆ ಅಂದಾಗ ಕಣ್ಣಿಗೆ ಬರುವುದು ಅದೇ.

ಹೊರಗೆ ನಿಂತವ:

ಎಲ್ಲ ಓದಿದೆ. ಒಳ್ಳೆಯ ಮಾತುಗಳು. ನನ್ನದೂ ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ.

ನಮ್ಮ ತಂದೆ ನಲವತ್ತು ವರ್ಷ ಒಂದೇ ಸಭೆಯಲ್ಲಿ ಹಾಡಿದವರು. ಗಾಯನ ಮಂಡಳಿಯಲ್ಲಿ ಅವರ ದನಿ ಇಲ್ಲದೆ ಈಸ್ಟರ್ ಆಗುತ್ತಿರಲಿಲ್ಲ. ಆಮೇಲೆ ಸಭೆಯಲ್ಲಿ ಕಮಿಟಿ ಚುನಾವಣೆಯ ಗಲಾಟೆ ಶುರುವಾಯಿತು. ಎರಡು ಪಂಗಡ, ಕೋರ್ಟು, ತಡೆಯಾಜ್ಞೆ. ತಂದೆ ಎರಡೂ ಕಡೆ ಸೇರಲಿಲ್ಲ. ಆ ಹೊತ್ತಿಗೆ ಅವರಿಗೆ ಕ್ಯಾನ್ಸರ್. ಎರಡು ವರ್ಷ ವಂತಿಗೆ ಕಟ್ಟಿರಲಿಲ್ಲ. ಅವರು ತೀರಿಕೊಂಡ ಬೆಳಗ್ಗೆ ಸಮಾಧಿ ಜಾಗ ಕೇಳಲು ನಾನು ಹೋದೆ. ಕಮಿಟಿಯವರೊಬ್ಬರು ಪುಸ್ತಕ ತೆಗೆದು ಬಾಕಿ ಎಷ್ಟು ಎಂದು ಲೆಕ್ಕ ಹಾಕಿದರು. ನಾನು ಜೇಬಿನಿಂದ ದುಡ್ಡು ಎಣಿಸಿ ಕೊಟ್ಟೆ. ರಸೀದಿ ಕೊಟ್ಟರು. ಆಮೇಲೆ ಗುಂಡಿ ತೋಡಿದರು.

ಆ ರಸೀದಿ ಇನ್ನೂ ಇದೆ. ಈ ತಂಗಿಯ ಡ್ರಾಯರಿನಲ್ಲಿ ಪತ್ರ ಇರುವ ಹಾಗೆ.

ಒಂಬತ್ತು ವರ್ಷ ಆಯಿತು, ಸಭೆಗೆ ಹೋಗಿಲ್ಲ. ಯೇಸುವಿನ ಮೇಲೆ ನನಗೆ ಕೋಪ ಇಲ್ಲ.

ಗದಗಿನ ಕಡೆಯವ:

ಅಣ್ಣಾರ, ನಿಮ್ಮ ಮಾತು ಓದಿ ಬಹಳ ಹೊತ್ತು ಏನೂ ಬರೆಯಲು ಆಗಲಿಲ್ಲ.

ನಮ್ಮ ಕಡೆಯ ಪರಿಸ್ಥಿತಿ ಬೇರೆ. ನಾನು ಮನೆಯಲ್ಲಿ ಮೊದಲನೇ ವಿಶ್ವಾಸಿ. ನಮ್ಮದು ದಲಿತರ ಕೇರಿ. ತಗಡಿನ ಶೆಡ್ಡಿನಲ್ಲಿ ಹದಿನಾಲ್ಕು ಜನ ಕೂಡುತ್ತೇವೆ. ನಮ್ಮ ಪಾಸ್ಟರು ವಾರದಲ್ಲಿ ಆರು ದಿನ ಗಾರೆ ಕೆಲಸ ಮಾಡುತ್ತಾರೆ. ನಮಗೆ ವರ್ಗಾವಣೆ ಪತ್ರ ಅನ್ನುವುದೇ ಹೊಸ ಮಾತು.

ಇಲ್ಲಿ ಯಾರೂ ಎತ್ತದ ಒಂದು ವಿಷಯ ಇದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತನಾದರೆ ಪರಿಶಿಷ್ಟ ಜಾತಿಯ ಸವಲತ್ತು ಹೋಗುತ್ತದೆ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ನಮ್ಮನ್ನು ಸೇರಿಸಲಿಲ್ಲ. ಕೆರೆಯಲ್ಲಿ ನೀರು ಕೊಡದವನು ನಾನು ಕ್ರೈಸ್ತನಾದೆ ಅಂತ ನೀರು ಕೊಡುವುದಿಲ್ಲ, ಆದರೆ ಸರ್ಕಾರದ ಲೆಕ್ಕದಲ್ಲಿ ನನ್ನ ಜಾತಿ ಹೋಯಿತು. ಹಾಗಾಗಿ ನಮ್ಮಲ್ಲಿ ಕೆಲವರು ಹೆಸರು ಬರೆಸುವುದಿಲ್ಲ. ಪ್ರಾರ್ಥನೆಗೆ ಬರುತ್ತಾರೆ, ಹಾಡುತ್ತಾರೆ, ಅಳುತ್ತಾರೆ, ರಿಜಿಸ್ಟರು ತೆಗೆದರೆ ಎದ್ದು ಹೋಗುತ್ತಾರೆ. ಮಗಳ ಹಾಸ್ಟೆಲ್ ಸೀಟು, ಮಗನ ಕೆಲಸ ನೋಡಬೇಕಲ್ಲ. ಅವರನ್ನು ಅರೆಮನಸ್ಸಿನವರು ಅಂತ ಯಾರಾದರೂ ಅಂದರೆ ನನಗೆ ತಡೆಯಲು ಆಗುವುದಿಲ್ಲ.

ನಾನು ಹೆಸರು ಬರೆಸಿದೆ. ಯಾಕೆ ಅಂದರೆ ಉತ್ತರ ಸಣ್ಣದು. ನಮ್ಮ ಊರಿನಲ್ಲಿ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇತ್ತು. ಮೊದಲನೇ ಸಲ ಕರ್ತನ ಭೋಜನದಲ್ಲಿ ಒಂದೇ ಬಟ್ಟಲು ನನ್ನ ಕೈಗೂ ಬಂತು, ಪಕ್ಕದಲ್ಲಿ ಕೂತಿದ್ದ ಬೇರೆ ಜಾತಿಯ ಅಕ್ಕನ ಕೈಯಿಂದ. ಆಕೆ ಕುಡಿದು ನನಗೆ ಕೊಟ್ಟಳು. ಫೋನಿನಲ್ಲಿ ಆ ಬಟ್ಟಲು ಬರುವುದಿಲ್ಲ.

ಸಭೆಯ ಒಳಗೆ ಜಾತಿ ಸತ್ತಿದೆ ಅಂತ ಹೇಳುತ್ತಿಲ್ಲ. ಪಟ್ಟಣದ ದೊಡ್ಡ ಸಭೆಯವರು ಮದುವೆ ಮಾತು ಬಂದಾಗ ನಮ್ಮ ಕೇರಿ ಯಾವುದು ಎಂದು ಕೇಳುತ್ತಾರೆ. ಅದು ಪಾಪ. ನೇರವಾಗಿಯೇ ಹೇಳುತ್ತೇನೆ.

ನಿವೃತ್ತ ಮೇಷ್ಟ್ರು:

'ಹೊರಗೆ ನಿಂತವ' ಅವರಿಗೆ. ನೀವು ಯಾರೋ, ಯಾವ ಊರೋ ನನಗೆ ಗೊತ್ತಿಲ್ಲ. ನಾನು ಹನ್ನೆರಡು ವರ್ಷ ಸಭೆಯ ಕಮಿಟಿಯಲ್ಲಿದ್ದೆ. ಆ ಪುಸ್ತಕ ನನ್ನ ಕೈಯಲ್ಲೂ ಇತ್ತು. ಸಾವಿನ ಮನೆಯವರಿಗೆ ಬಾಕಿ ಕೇಳಿದ್ದು ನನಗೆ ನೆನಪಿಲ್ಲ, ಆದರೆ ಬಾಕಿದಾರರ ಪಟ್ಟಿಯನ್ನು ಎಲ್ಲರ ಮುಂದೆ ಓದಿದ್ದು ನೆನಪಿದೆ. ಅದರಲ್ಲಿ ಕಾಯಿಲೆ ಬಿದ್ದವರ ಹೆಸರೂ ಇತ್ತು. ಯಾಕೆ ಕಟ್ಟಿಲ್ಲ ಅಂತ ನಾವು ಅವರ ಮನೆಗೆ ಹೋಗಿ ನೋಡಲಿಲ್ಲ.

ಪಟ್ಟಿ ಇರುವುದು ಯಾರು ಕಾಣುತ್ತಿಲ್ಲ ಎಂದು ತಿಳಿಯಲು. ನಾವು ಅದನ್ನು ಯಾರು ಕೊಟ್ಟಿಲ್ಲ ಎಂದು ತಿಳಿಯಲು ಇಟ್ಟುಕೊಂಡೆವು. ಕ್ಷಮಿಸಿ. ನಿಮ್ಮ ಸಭೆಯವರ ಪರವಾಗಿ ಕೇಳುವ ಅಧಿಕಾರ ನನಗಿಲ್ಲ, ನನ್ನ ಪಾಲಿನದ್ದು ಕೇಳುತ್ತಿದ್ದೇನೆ. ನಿಮಗೆ ಒಂದು ಖಾಸಗಿ ಸಂದೇಶ ಹಾಕಿದ್ದೇನೆ, ಆದಾಗ ನೋಡಿ.

ಕೊರಿಂಥದ ಸಭೆಯಲ್ಲೂ ಪಂಗಡ ಇತ್ತು, ಕೋರ್ಟು ಇತ್ತು. ಭೋಜನಕ್ಕೆ ಉಳ್ಳವರು ಮೊದಲು ಬಂದು ತಿಂದು ಮುಗಿಸುತ್ತಿದ್ದರು, ಬಡವರು ಹಸಿದು ಕೂರುತ್ತಿದ್ದರು. ಪೌಲ ಬಹಳ ಗಟ್ಟಿಯಾಗಿ ಬೈದು ಬರೆದ. ಬೈದರೂ ಅವರನ್ನು ಸಭೆ ಅಂತಲೇ ಕರೆದ. ಇದನ್ನು ನಿಮ್ಮನ್ನು ವಾಪಸ್ ಕರೆಯಲು ಹೇಳುತ್ತಿಲ್ಲ. ನಿಮ್ಮ ಕೋಪ ಸಭೆಯ ಹೊರಗಿನದ್ದಲ್ಲ, ಪೌಲನ ಕೋಪದ ಜಾತಿಗೆ ಸೇರಿದ್ದು ಅಂತ ಹೇಳುತ್ತಿದ್ದೇನೆ.

ಸ್ಟುಟ್‌ಗಾರ್ಟಿನಿಂದ:

ನಾನು ಇರುವ ಕಡೆ ಸೇರುವುದು ಹೇಗೆ ಎಂದು ಹೇಳುತ್ತೇನೆ, ಕೇಳಿ ಆಶ್ಚರ್ಯ ಆಗಬಹುದು. ಜರ್ಮನಿಗೆ ಬಂದು ವಿಳಾಸ ನೋಂದಾಯಿಸುವಾಗ ಧರ್ಮ ಯಾವುದು ಎಂದು ಕೇಳುತ್ತಾರೆ. ಪ್ರೊಟೆಸ್ಟೆಂಟ್ ಅಂತ ಬರೆದೆ. ಮುಂದಿನ ಸಂಬಳದಿಂದ ಚರ್ಚ್ ತೆರಿಗೆ ಕಡಿತ ಆಯಿತು. ಆದಾಯ ತೆರಿಗೆಯ ಮೇಲೆ ನಮ್ಮ ರಾಜ್ಯದಲ್ಲಿ ಮತ್ತು ಬವೇರಿಯಾದಲ್ಲಿ 8 ಶೇಕಡಾ, ಉಳಿದ ಕಡೆ 9 ಶೇಕಡಾ. ಬೇಡ ಅಂದರೆ ಸರ್ಕಾರಿ ಕಚೇರಿಗೆ ಹೋಗಿ ಸಭೆ ಬಿಟ್ಟೆ ಎಂದು ಬರೆದುಕೊಡಬೇಕು. ಪ್ರತಿ ವರ್ಷ ಲಕ್ಷಗಟ್ಟಲೆ ಜನ ಹಾಗೆ ಬರೆದುಕೊಡುತ್ತಿದ್ದಾರೆ.

ಎರಡು ವರ್ಷ ತೆರಿಗೆ ಕಟ್ಟಿದೆ, ಒಂದು ಭಾನುವಾರವೂ ಹೋಗಲಿಲ್ಲ. ಕಾಗದದಲ್ಲಿ ಪಕ್ಕಾ ಸದಸ್ಯ. ಆಮೇಲೆ ಒಂದು ಚಳಿಗಾಲದಲ್ಲಿ ತಡೆಯಲಾರದೆ ಹೋದೆ. ದೊಡ್ಡ ಕಲ್ಲಿನ ಚರ್ಚು, ಒಳಗೆ ಇಪ್ಪತ್ತು ಮುದುಕರು. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅವರನ್ನು ನಮಗೆ ಕೊಟ್ಟ ಸೀಮೆ ಇದು. ಅಳು ಬಂತು. ಮೂರನೇ ವಾರ ಮಳೆ ಅಂತ ಹೋಗಲಿಲ್ಲ. ನಾಲ್ಕನೇ ವಾರ ಒಬ್ಬ ಅಜ್ಜಿ ನನ್ನ ಹರಕು ಜರ್ಮನ್ನಿಗೆ ತಾಳ್ಮೆಯಿಂದ ಕಾದು ಕೇಳಿದರು: ಹೋದ ವಾರ ನೀವು ಬರಲಿಲ್ಲ, ಹುಷಾರಿದ್ದೀರಾ? ಆ ದಿನ ಸದಸ್ಯನಾದೆ ಅನ್ನಿಸಿತು.

ಕಿಟಕಿ ಪಕ್ಕ:

ನಾನು ಮೊದಲು ಎರಡು ಸಾಲು ಬರೆದು ಸುಮ್ಮನಾದೆ. ಈಗ ಪೂರ್ತಿ ಹೇಳುತ್ತೇನೆ.

ಆರು ವರ್ಷದ ಹಿಂದೆ ಅಪಘಾತದಲ್ಲಿ ನನ್ನ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನಮ್ಮ ಸಭೆಗೆ ಒಂಬತ್ತು ಮೆಟ್ಟಿಲು. ಮೊದಲ ಕೆಲವು ತಿಂಗಳು ಬಂದು ನೋಡುತ್ತಿದ್ದರು. ಆಮೇಲೆ ಕಡಿಮೆಯಾಯಿತು. ಎಲ್ಲರಿಗೂ ಅವರವರ ಕೆಲಸ.

2020ರಲ್ಲಿ ಲಾಕ್‌ಡೌನ್ ಬಂತಲ್ಲ, ಆಗ ಎಲ್ಲರೂ ಫೋನಿಗೆ ಬಂದರು. ಆ ವರ್ಷದ ಈಸ್ಟರ್, ಏಪ್ರಿಲ್ 12, ನಾನು ಅಪಘಾತದ ನಂತರ ಇಡೀ ಸಭೆಯ ಜೊತೆ ಆಚರಿಸಿದ ಮೊದಲ ಹಬ್ಬ. ಎಲ್ಲರ ಮುಖ ಸಣ್ಣ ಸಣ್ಣ ಚೌಕದಲ್ಲಿ ಕಾಣುತ್ತಿತ್ತು. ಯಾರೋ ಮ್ಯೂಟ್ ಮಾಡಲು ಮರೆತು ಮಗುವಿಗೆ ಗದರಿಸುತ್ತಿದ್ದರು. ಅಂಥ ಖುಷಿ ನನಗೆ ಆಮೇಲೆ ಆಗಿಲ್ಲ. ಬಾಗಿಲು ತೆರೆದ ಮೇಲೆ ಎಲ್ಲರೂ ಸಭೆಗೆ ವಾಪಸ್ ಹೋದರು. ನಾನು ಇಲ್ಲೇ ಉಳಿದೆ.

ಹಾಗಾಗಿ ಫೋನಿನ ಆರಾಧನೆ ಸುಳ್ಳು ಅನ್ನುವ ಮಾತು ಬಂದರೆ ನನಗೆ ನೋವಾಗುತ್ತದೆ. ಸಭೆ ಬೇಡ ಅಂದದ್ದು ನಿಜವಾಗಿ ನನ್ನ ಮಾತಲ್ಲ. ಇಲ್ಲದ್ದನ್ನು ಬೇಡ ಅಂತ ಹೇಳಿಕೊಳ್ಳುವುದು ಸುಲಭ, ಅಲ್ವಾ.

ಗದಗಿನ ಕಡೆಯವ:

ಅಣ್ಣಾ, ಬಟ್ಟಲು ಫೋನಿನಲ್ಲಿ ಬರುವುದಿಲ್ಲ ಅಂದವನು ನಾನು. ಬಟ್ಟಲು ಹಿಡಿದು ನಿಮ್ಮ ಮೂರು ಮಹಡಿ ಹತ್ತಬೇಕಿತ್ತು ಅನ್ನುವುದು ನನಗೆ ಹೊಳೆಯಲಿಲ್ಲ. ತಪ್ಪಾಯಿತು.

ಹೇಮಾವತಿ ದಂಡೆ:

ನಮ್ಮಲ್ಲಿ ಕಾಯಿಲೆಯವರಿಗೆ ಪರಮಪ್ರಸಾದವನ್ನು, ನೀವು ಕರ್ತನ ಭೋಜನ ಅನ್ನುವುದನ್ನು, ಮನೆಗೇ ತರುತ್ತಾರೆ. ನಮ್ಮ ಧರ್ಮಕೇಂದ್ರದಲ್ಲಿ ತಿಂಗಳ ಮೊದಲ ಶುಕ್ರವಾರ ಫಾದರ್ ಹೋಗುತ್ತಾರೆ, ಅವರಿಗೆ ಆಗದಿದ್ದರೆ ನೇಮಿಸಿದ ವಿಶ್ವಾಸಿಗಳು ಹೋಗುತ್ತಾರೆ. ನಮ್ಮ ಅಮ್ಮ ಹಾಗೆ ಹೋಗುತ್ತಾರೆ. ಪ್ರಸಾದ ಕೊಟ್ಟು ತಕ್ಷಣ ಎದ್ದು ಬರಬಾರದು, ಕಾಫಿ ಕುಡಿದು ಬರಬೇಕು ಅಂತ ಅಮ್ಮನ ನಿಯಮ.

ಒಬ್ಬ ಸಭಾಪಾಲಕ:

ಮೂರು ದಿನದಿಂದ ಓದುತ್ತಿದ್ದೇನೆ. ಬೆಂಗಳೂರಿನ ಒಂದು ಕನ್ನಡ ಸಭೆಯಲ್ಲಿ ಕೆಲಸ ಮಾಡುತ್ತೇನೆ, ಹೆಸರು ಬೇಡ.

'ಕಿಟಕಿ ಪಕ್ಕ' ಅವರೇ, ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲೂ ಮನೆಗೆ ಭೋಜನ ತರುವ ಕ್ರಮ ಇದೆ. ಕೇಳಿದವರಿಗೆ ತರುತ್ತೇವೆ, ಕೇಳದವರನ್ನು ಮರೆಯುತ್ತೇವೆ. ನಿಮ್ಮ ಏರಿಯಾ ಯಾವುದು ಎಂದು ಖಾಸಗಿಯಾಗಿ ತಿಳಿಸಿ. ನಿಮ್ಮ ಸಭಾಪಾಲಕರಿಗೆ ನಾನೇ ಫೋನ್ ಮಾಡುತ್ತೇನೆ. ಆಗದಿದ್ದರೆ ನಾನೇ ಬರುತ್ತೇನೆ.

ಬಲ್ಮಠದ ತಂಗಿಗೆ ಒಂದು ಮಾತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ತಮ್ಮ ತಮ್ಮ ಗೋಡೆ ಕೆಡವಿ ಒಂದಾಗಿ ಸಿಎಸ್ಐ ಆದವು. ಬಾಸೆಲ್ ಮಿಷನ್ನಿನ ಸಭೆಗಳೂ ಇದರೊಳಗೆ ಬಂದವು. ಹಾಗಾಗಿ ಬಾಸೆಲ್ ಮಿಷನ್ನಿನ ಮಗಳೊಬ್ಬಳು ಬೆಂಗಳೂರಿನಲ್ಲಿ ವೆಸ್ಲಿಯನ್ನರು ಕಟ್ಟಿದ ಹಡ್ಸನ್ ಸಭೆಗೆ ಹೋಗಿ ನಿಂತರೆ ಯಾರೂ ಹೊರಗಿನವಳು ಅನ್ನುವ ಹಾಗಿಲ್ಲ. ಆರಾಧನೆ ಕ್ರಮ ಸ್ವಲ್ಪ ಬೇರೆ, ಕೆಲವು ರಾಗಗಳು ಬೇರೆ, ಎರಡು ವಾರಕ್ಕೆ ಅಭ್ಯಾಸ ಆಗುತ್ತದೆ.

ಪತ್ರ ಹಳೆಯದಾಯಿತು ಅಂತ ಸಂಕೋಚ ಬೇಡ. ಇಪ್ಪತ್ತು ವರ್ಷ ಹಳೆಯ ಪತ್ರವನ್ನೂ ನಾನು ತೆಗೆದುಕೊಂಡಿದ್ದೇನೆ. ಆದರೆ ನಾಲ್ಕು ಸಭೆ ಸುತ್ತಿ ಯಾವುದರಲ್ಲಿ ಪ್ರಸಂಗ ಚೆನ್ನಾಗಿದೆ, ಯಾವುದರಲ್ಲಿ ಹಾಡು ಚೆನ್ನಾಗಿದೆ ಎಂದು ಹುಡುಕಬೇಡಿ. ನಡೆದು ಹೋಗುವಷ್ಟು ಹತ್ತಿರದ್ದಕ್ಕೆ ಹೋಗಿ. ನಿಮಗೆ ಜ್ವರ ಬಂದಾಗ ಯಾರಾದರೂ ಬರಬೇಕು, ಅವರಿಗೆ ಜ್ವರ ಬಂದಾಗ ನೀವು ಹೋಗಬೇಕು, ಅದಕ್ಕೆ ದೂರ ಕಡಿಮೆ ಇರಬೇಕು.

ಬಲ್ಮಠದ ಮಗಳು:

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು. ಎರಡು ಭಾನುವಾರ ಹೋಗಿಬಂದ ಮೇಲೆ ಬರೆಯೋಣ ಅಂದುಕೊಂಡೆ.

ಮೊದಲ ಭಾನುವಾರ ಯಾರೂ ಮಾತಾಡಿಸಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬಂದೆ, ಬೇಜಾರಾಯಿತು. ಎರಡನೇ ಭಾನುವಾರ ಪತ್ರ ಕೊಟ್ಟೆ. ಕಾರ್ಯದರ್ಶಿಯವರು ಓದಿ 'ಓ, ಮಂಗಳೂರಾ' ಅಂದು ರಿಜಿಸ್ಟರಿನಲ್ಲಿ ಬರೆದುಕೊಂಡರು. ಬ್ಲಡ್ ಗ್ರೂಪ್ ಕೂಡ ಕೇಳಿದರು. ಯಾರಿಗಾದರೂ ಬೇಕಾದರೆ ಫೋನ್ ಮಾಡುತ್ತಾರಂತೆ. ನಾನು ಏನು ಪಡೆಯುತ್ತೇನೆ ಅಂತಲೇ ಇಷ್ಟು ದಿನ ಯೋಚನೆ ಮಾಡುತ್ತಿದ್ದೆ. ನನ್ನಿಂದ ಯಾರಾದರೂ ಏನಾದರೂ ಕೇಳುತ್ತಾರೆ ಅನ್ನುವುದು ತಲೆಗೇ ಬಂದಿರಲಿಲ್ಲ.

'ಕಿಟಕಿ ಪಕ್ಕ' ಅವರೇ, ನಿಮ್ಮ ಮಾತು ನನ್ನ ಜೊತೆಗೇ ಇದೆ. ನಮ್ಮ ಸಭೆಗೆ ಐದು ಮೆಟ್ಟಿಲು. ರ‍್ಯಾಂಪ್ ಇಲ್ಲ. ಕಾರ್ಯದರ್ಶಿಯವರಿಗೆ ಹೇಳಿದ್ದೇನೆ. ಬೆಳೆ ಹಬ್ಬದ ಏಲಂ ದುಡ್ಡಿನಲ್ಲಿ ಮಾಡಬಹುದಾ ನೋಡೋಣ ಅಂದರು.

ಕಿಟಕಿ ಪಕ್ಕ:

ಶುಕ್ರವಾರ ಇಬ್ಬರು ಬಂದಿದ್ದರು. ಮೂರನೇ ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಭೋಜನ ಆಯಿತು. ಕಾಫಿ ಕುಡಿದೇ ಹೋದರು.

ಹೊರಗೆ ನಿಂತವ:

ಮೇಷ್ಟ್ರೇ, ನಿಮ್ಮ ಸಂದೇಶ ಓದಿದೆ. ಶನಿವಾರ ಸಂಜೆ ಫೋನ್ ಮಾಡುತ್ತೇನೆ. ಸಭೆಗೆ ಬರುತ್ತೇನೆ ಅಂತ ಅಲ್ಲ, ಅದನ್ನು ನಿರೀಕ್ಷೆ ಮಾಡಬೇಡಿ. ಅಪ್ಪ ಈಸ್ಟರ್ ಬೆಳಗ್ಗೆ ಹಾಡುತ್ತಿದ್ದ ಒಂದು ಹಾಡು ಇದೆ. ರಾಗ ನೆನಪಿದೆ, ಎರಡನೇ ಚರಣ ಮರೆತುಹೋಗಿದೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೆ ಗೊತ್ತಿರಬಹುದು.